ಸಜ್ಜಾಕ್ಕೆ ಮುಳ್ಳು, ಕಟ್ಟೆಗೆ ಕಂಬಿ: ಎರಡೂ ಇಲ್ಲದೆ ನಮ್ಮ ಜಾಗ ನೋಡಿಕೊಳ್ಳುವುದು ಹೇಗೆ

ಕೋಲಾರದಲ್ಲಿ ನಮ್ಮದೊಂದು ಹಳೆಯ ಕಟ್ಟಡ ಇದೆ. ಕೆಳಗೆ ಎರಡು ಅಂಗಡಿ, ಮೇಲೆ ಮನೆ. ಅಂಗಡಿ ಮುಂದೆ ಟೇಕಲ್ ಕಡೆಯಿಂದ ತಂದ ಕಲ್ಲು ಚಪ್ಪಡಿಯ ಕಟ್ಟೆ, ಮೊಣಕಾಲೆತ್ತರ. ಮೇಲೆ ಕಿಟಕಿಗಳಿಗೆ ಸಜ್ಜಾ. ಕೆಲವು ವರ್ಷದ ಹಿಂದೆ ಎರಡಕ್ಕೂ ಮುಳ್ಳು ಹಾಕಿಸಿದ್ದೆವು. ಸಜ್ಜಾದ ಮೇಲೆ ಪಾರಿವಾಳ ಕೂರಬಾರದು ಅಂತ ಸ್ಟೀಲ್ ಮುಳ್ಳಿನ ಪಟ್ಟಿ. ಕಟ್ಟೆಯ ಮೇಲೆ ಜನ ಕೂರಬಾರದು ಅಂತ ಚೂಪು ಕಂಬಿ.

ಕಂಬಿ ಹಾಕಿಸಿ ನಾಲ್ಕೈದು ದಿನ ಆಗಿತ್ತು. ಸೊಪ್ಪು ಮಾರುವ ಅಜ್ಜಿ ಬಂದರು. ಎಷ್ಟೋ ವರ್ಷದಿಂದ ಅದೇ ಕಟ್ಟೆಯ ಮೇಲೆ ಬುಟ್ಟಿ ಇಳಿಸಿ, ಸ್ವಲ್ಪ ಹೊತ್ತು ಕೂತು ಹೋಗುತ್ತಿದ್ದವರು. ತಲೆ ಮೇಲೆ ಬುಟ್ಟಿ ಇತ್ತು, ಬಗ್ಗಿ ನೋಡಲು ಆಗುವುದಿಲ್ಲ. ಒಂದು ಕೈ ಬುಟ್ಟಿಗೆ ಕೊಟ್ಟು ಇನ್ನೊಂದು ಕೈಯನ್ನು ಹಿಂದಕ್ಕೆ ಚಾಚಿ ಕಲ್ಲು ತಡವಿದರು. ಕಂಬಿ ಸಿಕ್ಕಿತು. ಕೈ ಸ್ವಲ್ಪ ಆಚೆ ಸರಿಸಿದರು, ಅಲ್ಲೂ ಕಂಬಿ. ಇನ್ನೂ ಆಚೆ, ಅಲ್ಲೂ ಅದೇ. ಕೊನೆಗೆ ಹಾಗೇ ನಿಂತು, "ಇದೇನಪ್ಪಾ, ಕೂತ್ಕೊಳ್ಳೋ ಜಾಗಕ್ಕೆ ಮುಳ್ಳು ಹಾಕ್ಸಿದ್ದೀಯಾ?" ಅಂದರು. ಬೈಯಲಿಲ್ಲ, ಕೇಳಿದರು ಅಷ್ಟೆ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅದೇ ತಿಂಗಳು ಮೇಲೆ ಹತ್ತಿ ನೋಡಿದರೆ ಸಜ್ಜಾದ ಮುಳ್ಳುಗಳ ನಡುವೆಯೇ ಪಾರಿವಾಳದ ಗೂಡು. ಪೊರಕೆ ಕಡ್ಡಿ, ಬೇವಿನ ಕಡ್ಡಿ, ಮೂರು ತುಂಡು ಬೈಂಡಿಂಗ್ ವೈರ್. ಗಾಳಿಗೆ ಕಡ್ಡಿ ಹಾರಿ ಹೋಗದ ಹಾಗೆ ಮುಳ್ಳುಗಳೇ ಹಿಡಿದುಕೊಂಡಿದ್ದವು. ಮಧ್ಯದಲ್ಲಿ ಎರಡು ಮೊಟ್ಟೆ.

ಆಮೇಲೆ ಮುಳ್ಳು, ಕಂಬಿ ಎರಡನ್ನೂ ತೆಗೆಸಿದೆ. ತೆಗೆದ ಮೇಲೆ ಏನು ಮಾಡಬೇಕು ಅನ್ನುವುದನ್ನು ಕೇಳಿ, ಓದಿ, ಮಾಡಿ, ಕೆಲವು ಸಲ ತಪ್ಪು ಮಾಡಿ ಕಲಿತೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಅಂಗಡಿ ಇರುವವರಿಗೆ, ಮನೆ ಕಟ್ಟಿಸುತ್ತಿರುವವರಿಗೆ, ರಸ್ತೆಯಲ್ಲಿ ಇಂಥ ಕಂಬಿ ಕಂಡು ಸಿಟ್ಟು ಬಂದವರಿಗೆ ಉಪಯೋಗಕ್ಕೆ ಬರಬಹುದು.

ಹೀಗೆ ಕಂಬಿ, ಮುಳ್ಳು ಹಾಕುವುದಕ್ಕೆ ಹಾಸ್ಟೈಲ್ ಆರ್ಕಿಟೆಕ್ಚರ್ ಅನ್ನುತ್ತಾರೆ. ಯಾರೂ ಕೂರಬಾರದು, ಮಲಗಬಾರದು, ನಿಲ್ಲಬಾರದು ಅಂತಲೇ ಯೋಚಿಸಿ ಕಟ್ಟುವುದು. ಲಂಡನ್‌ನಲ್ಲಿ 2012ರಲ್ಲಿ ಕ್ಯಾಮ್ಡನ್ ಬೆಂಚ್ ಅಂತ ಒಂದು ಕಾಂಕ್ರೀಟ್ ಬೆಂಚ್ ತಂದರು. ಮೇಲ್ಭಾಗವೆಲ್ಲ ಓರೆಕೋರೆ, ಅದರ ಮೇಲೆ ಮಲಗೋಕೆ ಆಗುವುದೇ ಇಲ್ಲ. 2014ರಲ್ಲಿ ಅದೇ ಊರಲ್ಲಿ ಒಂದು ಅಪಾರ್ಟ್‌ಮೆಂಟ್ ಬಾಗಿಲ ಪಕ್ಕ, ಮನೆ ಇಲ್ಲದವರು ಮಲಗುತ್ತಾರೆ ಅಂತ ನೆಲಕ್ಕೆ ಲೋಹದ ಮೊಳೆ ಹಾಕಿದ್ದು ದೊಡ್ಡ ಗಲಾಟೆ ಆಯಿತು. ದೂರದ ಮಾತು ಅಂದುಕೊಳ್ಳಬೇಡಿ. 2018ರಲ್ಲಿ ಮುಂಬೈನ ಫೋರ್ಟ್ ಪ್ರದೇಶದಲ್ಲಿ ಒಂದು ಬ್ಯಾಂಕ್ ತನ್ನ ಶಾಖೆಯ ಮುಂದೆ ಚೂಪು ಮೊಳೆ ಹಾಕಿಸಿ, ಜನ ಉಗಿದ ಮೇಲೆ ತೆಗೆಸಿತು. ನಮ್ಮ ಜಿಲ್ಲೆಗಳ ಪೇಟೆ ಬೀದಿಗಳಲ್ಲಿ ಒಂದು ಸುತ್ತು ಹಾಕಿ. ಶಟರ್ ಮುಂದಿನ ಮೆಟ್ಟಿಲಿಗೆ ಚೂಪು ಕಲ್ಲು ಜಡಿದಿರುವುದು, ಕಾಂಪೌಂಡಿನ ಗಿಡ್ಡ ಗೋಡೆಗೆ ಗಾಜಿನ ಚೂರು ನೆಟ್ಟಿರುವುದು ಕಾಣುತ್ತವೆ.

ಮೊದಲು ಒಂದು ವಾರ ಸುಮ್ನೆ ನೋಡಿ

ಸಜ್ಜಾದಿಂದಲೇ ಶುರು ಮಾಡೋಣ. ಏನೂ ಖರೀದಿ ಮಾಡಬೇಡಿ, ಯಾರನ್ನೂ ಕರೆಯಬೇಡಿ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನೋಡಿ ಬರೆದಿಡಿ. ಪಾರಿವಾಳ ಮೂರು ಕೆಲಸಕ್ಕೆ ಬರುತ್ತದೆ. ಹಗಲು ಬಿಸಿಲು ಕಾಯಿಸಲು ಅಥವಾ ಕಾಳು ಬೀಳುತ್ತದಾ ಅಂತ ಕಾಯಲು. ರಾತ್ರಿ ತಂಗಲು. ಗೂಡು ಕಟ್ಟಲು. ಹಗಲು ಮಾತ್ರ ಕೂರುವ ಹಕ್ಕಿಯನ್ನು ಕಳಿಸುವುದು ಸುಲಭ. ಗೂಡಿಗೆ ಬಂದದ್ದನ್ನು ಕಳಿಸುವುದು ಕಷ್ಟ. ಎರಡಕ್ಕೂ ಒಂದೇ ಮದ್ದು ಹಾಕಿದರೆ ದುಡ್ಡು ದಂಡ.

ಪಾರಿವಾಳ ಯಾಕೆ ನಮ್ಮ ಸಜ್ಜಾವನ್ನೇ ಹುಡುಕಿ ಬರುತ್ತದೆ ಗೊತ್ತಾ? ಅದು ಮೂಲದಲ್ಲಿ ಬಂಡೆಗಳ ಹಕ್ಕಿ. ಕಡಿದಾದ ಬಂಡೆಯ ಅಂಚು, ಸಂದುಗಳಲ್ಲಿ ಗೂಡು ಕಟ್ಟುವುದು ಅದರ ಹುಟ್ಟು ಗುಣ. ಅಂತರಗಂಗೆ ಬೆಟ್ಟದ ಬಂಡೆ ಸಂದುಗಳನ್ನು ಒಂದು ಸಲ ನೋಡಿ, ಆಮೇಲೆ ನಿಮ್ಮ ಮೂರನೇ ಮಹಡಿಯ ಸಜ್ಜಾ ನೋಡಿ. ಹಕ್ಕಿಯ ಕಣ್ಣಿಗೆ ಎರಡೂ ಒಂದೇ.

ಇನ್ನೊಂದು ವಿಷಯ. ಬರುತ್ತಿರುವುದು ಪಾರಿವಾಳವೇನಾ ಅಂತ ಖಾತ್ರಿ ಮಾಡಿಕೊಳ್ಳಿ. ಗುಬ್ಬಚ್ಚಿ ಆಗಿದ್ದರೆ ದಯವಿಟ್ಟು ಬಿಟ್ಟುಬಿಡಿ. ಹಂಚಿನ ಮನೆ ಹೋಗಿ ಆರ್‌ಸಿಸಿ ಬಂದ ಮೇಲೆ ಅವುಕ್ಕೆ ಸಂದೇ ಸಿಗುತ್ತಿಲ್ಲ.

ಕಾಳು ನಿಲ್ಲಿಸಿ

ಇದನ್ನು ಮಾಡದೆ ಉಳಿದದ್ದು ಏನು ಮಾಡಿದರೂ ಉಪಯೋಗ ಇಲ್ಲ. ನಮ್ಮ ಕಟ್ಟಡದ ಎರಡು ಅಂಗಡಿಯಲ್ಲಿ ಒಂದು ದಿನಸಿ. ಬೆಳಿಗ್ಗೆ ಮೂಟೆ ಇಳಿಸುವಾಗ ರಾಗಿ, ಅಕ್ಕಿ ಚೆಲ್ಲುತ್ತಿತ್ತು, ಗುಡಿಸುವುದು ಹತ್ತು ಗಂಟೆಗೆ. ಅಷ್ಟರಲ್ಲಿ ಮೂವತ್ತು ನಲವತ್ತು ಪಾರಿವಾಳ. ಈಗ ಮೂಟೆ ಇಳಿಸುವಾಗ ಕೆಳಗೆ ಟಾರ್ಪಾಲ್ ಹಾಸುತ್ತಾರೆ, ಇಳಿಸಿದ ತಕ್ಷಣ ಝಾಡಿಸಿ ಎತ್ತಿಡುತ್ತಾರೆ. ಒಂದು ತಿಂಗಳಲ್ಲಿ ಹಗಲು ಬರುವ ಹಕ್ಕಿ ಅರ್ಧಕ್ಕಿಂತ ಕಡಿಮೆ ಆಯಿತು.

ಪುಣ್ಯ ಅಂತ ಟೆರೇಸಿನಲ್ಲಿ ಕಾಳು ಹಾಕುವವರು ಪಕ್ಕದಲ್ಲಿ ಇದ್ದರೆ ಜಗಳ ಬೇಡ. ಹೋಗಿ ಕೂತು ಮಾತಾಡಿ. "ಅಕ್ಕಾ, ನೀವು ಕಾಳು ಹಾಕೋದು ನಿಲ್ಲಿಸಿ ಅಂತ ಹೇಳೋಕೆ ಬಂದಿಲ್ಲ, ಊರಾಚೆ ಕೆರೆ ಕಡೆ ಹಾಕೋಣ್ವಾ, ನಾನೂ ಬರ್ತೀನಿ" ಅಂತ ಹೇಳಿ ನೋಡಿ. ನಮ್ಮ ಪಕ್ಕದವರು ಒಪ್ಪಿದರು.

ಮೊಟ್ಟೆ, ಮರಿ ಇದ್ದರೆ ಕಾಯಿರಿ

ಪಾರಿವಾಳ ಸಾಮಾನ್ಯವಾಗಿ ಎರಡು ಮೊಟ್ಟೆ ಇಡುತ್ತದೆ. ಮರಿ ಆಗಲು 18 ದಿನದ ಆಸುಪಾಸು, ಮರಿ ಹಾರಲು ಇನ್ನೂ ಒಂದು ತಿಂಗಳು. ಅಂದರೆ ಸುಮಾರು ಏಳು ವಾರ. ಅಷ್ಟು ದಿನ ತಡೆದುಕೊಳ್ಳಿ. ಮರಿಗಳಿರುವ ಗೂಡಿಗೆ ಅಡ್ಡ ಬಲೆ ಕಟ್ಟಿದರೆ ತಾಯಿ ಹೊರಗೆ ಒದ್ದಾಡುತ್ತದೆ, ಮರಿ ಒಳಗೆ ಸಾಯುತ್ತದೆ, ಆ ವಾಸನೆ ನಿಮ್ಮ ಮನೆಗೇ ಬರುತ್ತದೆ. ಪ್ರಾಣಿಗಳಿಗೆ ಸುಮ್ಮಸುಮ್ಮನೆ ನೋವು ಕೊಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧವೂ ಹೌದು. ಮರಿ ಹಾರಿದ ಮಾರನೇ ದಿನವೇ ಕೆಲಸ ಶುರು ಮಾಡಿ, ಯಾಕೆಂದರೆ ಅದೇ ಜಾಗಕ್ಕೆ ಮತ್ತೆ ಮೊಟ್ಟೆ ಇಡಲು ಬರುತ್ತವೆ. ವರ್ಷಕ್ಕೆ ಹಲವು ಸಲ ಮರಿ ಮಾಡುವ ಹಕ್ಕಿ ಅದು.

ಹಿಕ್ಕೆ ಒಣಗಿದ್ದಾಗ ಗುಡಿಸಬೇಡಿ

ಎಲ್ಲರೂ ಮಾಡುವ ತಪ್ಪು ಇದು. ಒಣ ಹಿಕ್ಕೆ ಪುಡಿಯಾಗಿ ಏಳುತ್ತದೆ, ಅದರಲ್ಲಿ ಶಿಲೀಂಧ್ರ, ಬ್ಯಾಕ್ಟೀರಿಯಾ ಇರಬಹುದು, ಉಸಿರಲ್ಲಿ ಹೋದರೆ ಶ್ವಾಸಕೋಶಕ್ಕೆ ಕೆಟ್ಟದು. ಮೊದಲು ನೀರು ಚಿಮುಕಿಸಿ, ಚೆನ್ನಾಗಿ ನೆನೆಯಲು ಬಿಡಿ, ಆಮೇಲೆ ಕರಣೆಯಲ್ಲಿ ಕೆರೆದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಟ್ಟಿ. ಎನ್-95 ಮಾಸ್ಕ್, ಗ್ಲೌಸ್ ಬೇಕೇ ಬೇಕು. ಆಸ್ತಮಾ ಇರುವವರು ಈ ಕೆಲಸಕ್ಕೆ ಹೋಗಬೇಡಿ. ಕೆಲಸಕ್ಕೆ ಜನ ಕರೆಸಿದರೆ ಅವರಿಗೂ ಮಾಸ್ಕ್ ಕೊಡಿ, ಸಜ್ಜಾದ ಮೇಲೆ ನಿಲ್ಲಿಸಬೇಡಿ, ಏಣಿ ಅಥವಾ ಸಾರವೆ ಕಟ್ಟಿಸಿ.

ಅಂಚಿನ ಆಕಾರ ಬದಲಿಸಿ

ಮುಖ್ಯವಾದ ಕೆಲಸ ಇದೇ. ಪಾರಿವಾಳಕ್ಕೆ ಚಪ್ಪಟೆ ಜಾಗ ಬೇಕು. ಅಂಚು 45 ಡಿಗ್ರಿಗಿಂತ ಜಾಸ್ತಿ ಇಳಿಜಾರಾಗಿದ್ದು ನುಣುಪಾಗಿದ್ದರೆ ಕಾಲು ನಿಲ್ಲುವುದಿಲ್ಲ, ಜಾರುತ್ತದೆ, ಎರಡು ಸಲ ನೋಡಿ ಬೇರೆ ಕಡೆ ಹೋಗುತ್ತದೆ. 60 ಡಿಗ್ರಿ ಮಾಡಿದರೆ ಇನ್ನೂ ಒಳ್ಳೆಯದು. ಯಾರಿಗೂ ಗಾಯ ಇಲ್ಲ, ಗೂಡು ಕಟ್ಟಲು ಆಸರೆಯೂ ಇಲ್ಲ.

ಹೇಗೆ ಮಾಡುವುದು? ಗೋಡೆಯ ಮೇಲೆ ಮೂರು ನಾಲ್ಕು ಇಂಚಿನ ಸಣ್ಣ ಅಂಚು ಆಗಿದ್ದರೆ ಮೇಸ್ತ್ರಿಗೆ ಹೇಳಿ ಸಿಮೆಂಟ್ ಗಾರೆಯಲ್ಲಿ ಇಳಿಜಾರು ಮಾಡಿಸಿ, ನುಣ್ಣಗೆ ನೀರು ಸಿಮೆಂಟ್ ಹೊಡೆಸಿ. ಅಷ್ಟೇ ಸಾಕು.

ಆದರೆ ಅಗಲದ ಸಜ್ಜಾಕ್ಕೆ ಗಾರೆ ತುಂಬಿಸಬೇಡಿ. ನಾನು ಮಾಡಲು ಹೊರಟಿದ್ದ ತಪ್ಪು ಇದೇ, ಮೇಸ್ತ್ರಿ ತಡೆದರು. ಸಜ್ಜಾಕ್ಕೆ ಕೆಳಗಿನಿಂದ ಆಸರೆ ಇರುವುದಿಲ್ಲ, ಗೋಡೆಯಿಂದ ಚಾಚಿ ನಿಂತಿರುತ್ತದೆ. ಒಂದೂವರೆ ಅಡಿ ಅಗಲದ ಸಜ್ಜಾದ ಮೇಲೆ 45 ಡಿಗ್ರಿ ಇಳಿಜಾರನ್ನು ಪೂರ್ತಿ ಗಾರೆಯಲ್ಲೇ ತುಂಬಿದರೆ ಒಂದು ಅಡಿ ಉದ್ದಕ್ಕೆ 60 ಕೆಜಿಗೂ ಜಾಸ್ತಿ ಭಾರ ಬೀಳುತ್ತದೆ. ನಾಲ್ಕು ಅಡಿ ಕಿಟಕಿಯಾದರೆ ಸುಮಾರು 250 ಕೆಜಿ. ಹಳೆಯ ಸಜ್ಜಾ, ಒಳಗೆ ತುಕ್ಕು ಹಿಡಿದ ಕಂಬಿ, ಕೆಳಗೆ ಜನ ಓಡಾಡುವ ರಸ್ತೆ. ಯೋಚನೆ ಮಾಡಿ.

ಅದಕ್ಕೆ ಜಿಐ ಶೀಟ್ (ಸತು ಲೇಪಿಸಿದ ಕಬ್ಬಿಣದ ತಗಡು) ಅಥವಾ ಅಲ್ಯೂಮಿನಿಯಂ ಶೀಟ್ ಬಳಸಿ. ಫ್ಯಾಬ್ರಿಕೇಷನ್ ಅಂಗಡಿಯಲ್ಲಿ ಅಳತೆ ಕೊಟ್ಟರೆ ಬಗ್ಗಿಸಿ ಕೊಡುತ್ತಾರೆ. ಮೇಲಿನ ಅಂಚನ್ನು ಗೋಡೆಗೆ, ಕೆಳಗಿನ ಅಂಚನ್ನು ಸಜ್ಜಾದ ತುದಿಗೆ ಸ್ಕ್ರೂ ಹಾಕಿಸಿ. ಮೂರು ವಿಷಯ ಮರೆಯಬೇಡಿ. ಶೀಟಿನ ಎರಡೂ ಪಕ್ಕ ತ್ರಿಕೋನದ ತುಂಡು ಹಾಕಿ ಮುಚ್ಚಿಸಬೇಕು, ಇಲ್ಲದಿದ್ದರೆ ಒಳಗೆ ಗೂಡು ಕಟ್ಟಲು ನೀವೇ ಮನೆ ಮಾಡಿಕೊಟ್ಟ ಹಾಗೆ. ಗೋಡೆ ಸೇರುವ ಕಡೆ ಸಿಲಿಕೋನ್ ಹಾಕಿಸಬೇಕು, ಮಳೆ ನೀರು ಒಳಗಿಳಿದರೆ ಗೋಡೆ ಪಾಚಿ ಕಟ್ಟುತ್ತದೆ. ಶೀಟಿನ ತುದಿ ಮಡಿಸಿರಬೇಕು, ಮುಂದೆ ಸುಣ್ಣ ಬಣ್ಣಕ್ಕೆ ಬರುವವರ ಕೈ ಕುಯ್ಯಬಾರದು.

ಬಲೆ ಯಾವಾಗ

ಬಾಲ್ಕನಿ, ಪೈಪು ಇಳಿಯುವ ಡಕ್ಟ್, ಏಸಿ ಯೂನಿಟ್ ಹಿಂದಿನ ಸಂದು, ಇವುಕ್ಕೆ ಇಳಿಜಾರು ಮಾಡಲು ಆಗುವುದಿಲ್ಲ, ನೈಲಾನ್ ಬಲೆಯೇ ಗತಿ. ಪಾರಿವಾಳಕ್ಕೆ 50 ಮಿಲಿಮೀಟರ್ ಕಣ್ಣಿನ ಬಲೆ ಸಾಕು. ಗುಬ್ಬಚ್ಚಿ ಓಡಾಡುವ ಜಾಗ ಆದರೆ 19 ಮಿಲಿಮೀಟರಿನದು ತೊಗೊಳ್ಳಿ, ದೊಡ್ಡ ಕಣ್ಣಿಗೆ ಅವು ತಲೆ ತೂರಿಸಿ ಸಿಕ್ಕಿಬೀಳುತ್ತವೆ. ಬಲೆ ಬಿಗಿಯಾಗಿರಬೇಕು, ಬೆರಳಲ್ಲಿ ಮೀಟಿದರೆ ತಂತಿ ಥರ ಅನ್ನಿಸಬೇಕು. ಜೋಲು ಬಿದ್ದ ಬಲೆಗೆ ಹಕ್ಕಿಯ ಕಾಲು ಸುತ್ತಿಕೊಳ್ಳುತ್ತದೆ. ಹಾಕಿಸಿ ಮರೆತುಬಿಡಬೇಡಿ, ವಾರಕ್ಕೊಮ್ಮೆ ಅಂಚು ನೋಡಿ. ಒಂದು ಹುಕ್ ಬಿಟ್ಟಿದ್ದರೂ ಹಕ್ಕಿ ಒಳಗೆ ಹೋಗಿ ಹೊರಗೆ ಬರಲು ಗೊತ್ತಾಗದೆ ಸಾಯುತ್ತದೆ.

ಬೇಡವೇ ಬೇಡ ಅನ್ನುವಂಥವೂ ಇವೆ. ಅಂಟು ಜೆಲ್ ಸಣ್ಣ ಹಕ್ಕಿಗಳ ರೆಕ್ಕೆಗೆ ಮೆತ್ತಿಕೊಳ್ಳುತ್ತದೆ. ವಿಷ ಹಾಕುವುದನ್ನು ಬಾಯಲ್ಲೂ ಹೇಳಬೇಡಿ. ಪ್ಲಾಸ್ಟಿಕ್ ಗೂಬೆ, ನೇತುಹಾಕಿದ ಸಿಡಿಗೆ ನಾಲ್ಕು ದಿನ ಹೆದರುತ್ತವೆ, ಐದನೇ ದಿನ ಅದರ ಪಕ್ಕದಲ್ಲೇ ಕೂರುತ್ತವೆ. ಮುಳ್ಳಿನ ಪಟ್ಟಿಯ ಕಥೆ ಮೇಲೆ ಹೇಳಿದೆ. ನಮ್ಮ ಮನೆಯಲ್ಲಿ ಮಾತ್ರ ಹಾಗಾದದ್ದಲ್ಲ. ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿ ಕಾಗೆಗಳು, ಬೆಲ್ಜಿಯಂನ ಆಂಟ್ವರ್ಪ್‌ನಲ್ಲಿ ಕಾಗೆಯ ಕುಟುಂಬಕ್ಕೇ ಸೇರಿದ ಮ್ಯಾಗ್‌ಪೈಗಳು ಹಕ್ಕಿ ಓಡಿಸುವ ಈ ಮುಳ್ಳನ್ನೇ ಕಿತ್ತುಕೊಂಡು ಗೂಡು ಕಟ್ಟಿದ್ದನ್ನು 2023ರಲ್ಲಿ ಅಲ್ಲಿನ ಸಂಶೋಧಕರು ವರದಿ ಮಾಡಿದರು. ಆಂಟ್ವರ್ಪ್‌ನ ಒಂದು ಗೂಡಿನಲ್ಲಿ ಸುಮಾರು 1,500 ಮುಳ್ಳು ಇದ್ದವು.

ಈಗ ಕೆಳಗಿನ ಕಟ್ಟೆ: ಯಾರು ಕೂರುತ್ತಾರೆ ಅಂತ ನೋಡಿ

ಇಲ್ಲೂ ಮೊದಲ ಕೆಲಸ ಅದೇ. ಕಂಬಿ ಹಾಕಿಸುವ ಮೊದಲು ನಾವು ನೋಡಿರಲೇ ಇಲ್ಲ, "ಯಾರ್ಯಾರೋ ಬಂದು ಕೂರ್ತಾರೆ" ಅಂತಷ್ಟೇ ಹೇಳುತ್ತಿದ್ದೆವು. ಆಮೇಲೆ ಕೂತು ನೋಡಿದಾಗ ಯಾರ್ಯಾರೋ ಅನ್ನುವವರಿಗೆ ಮುಖ ಬಂತು. ಸೊಪ್ಪಿನ ಅಜ್ಜಿ. ಸ್ಕೂಲ್ ಬಸ್ಸಿಗೆ ಕಾಯುವ ಮೂರು ಮಕ್ಕಳು. ಶ್ರೀನಿವಾಸಪುರ, ಮುಳಬಾಗಿಲು ಕಡೆಯಿಂದ ಆಸ್ಪತ್ರೆಗೆ ಬಂದು ಟೋಕನ್ ಹಿಡಿದು ಕೂತವರು. ಟೊಮೆಟೊ ಕಾಲದಲ್ಲಿ ಎಪಿಎಂಸಿಗೆ ಮಾಲು ಹಾಕಿ, ಬಸ್ಸಿಗೆ ಇನ್ನೂ ಹೊತ್ತಿದೆ ಅಂತ ಟವೆಲ್ ಹಾಸಿ ಒರಗಿಕೊಳ್ಳುವ ರೈತರು. ರಾತ್ರಿ ಮಲಗುವ ಒಬ್ಬರು, ಹಗಲು ಗುಜರಿ ಆಯುವವರು. ತೊಂದರೆ ಕೊಡುತ್ತಿದ್ದದ್ದು ರಾತ್ರಿ ಹತ್ತರ ಮೇಲೆ ಕುಡಿಯಲು ಬರುತ್ತಿದ್ದ ನಾಲ್ಕೈದು ಹುಡುಗರು, ಅಷ್ಟೇ. ಅವರಿಗಾಗಿ ಎಲ್ಲರಿಗೂ ಕಂಬಿ ಚುಚ್ಚಿದ್ದೆವು.

ನಮ್ಮ ಹಳ್ಳಿ ಮನೆಗಳಿಗೆ ಜಗಲಿ ಇರುತ್ತಿತ್ತಲ್ವಾ. ದಾರಿಹೋಕರು ಕೂರಲಿ, ನೀರು ಕೇಳಲಿ, ಮಳೆ ಬಂದರೆ ನಿಲ್ಲಲಿ ಅಂತ ಬೀದಿ ಕಡೆಗೇ ಕಟ್ಟುತ್ತಿದ್ದರು. ಅಂಗಡಿ ಕಟ್ಟೆಯೂ ಅದೇ ಜಗಲಿ ಅಂತಲೇ ನನ್ನ ಅನಿಸಿಕೆ.

ತೊಂದರೆ ಏನೋ ಅದಕ್ಕೆ ಮದ್ದು ಮಾಡಿ

ಕುಡಿಯುವವರಿಗೆ ಕತ್ತಲು ಬೇಕು. ನಾವು ಶಟರ್ ಮೇಲೆ ಒಂದು ಎಲ್‌ಇಡಿ ದೀಪ ಹಾಕಿಸಿದೆವು, ರಾತ್ರಿಯೆಲ್ಲ ಉರಿಯುತ್ತದೆ. ಮುಖಕ್ಕೆ ರಾಚುವ ಫ್ಲಡ್ ಲೈಟ್ ಬೇಡ, ಅದೂ ಇನ್ನೊಂದು ಥರದ ಮುಳ್ಳೇ. ಮಾಮೂಲಿ ದೀಪ ಸಾಕು. ಹುಡುಗರು ಎರಡು ವಾರದಲ್ಲಿ ಬೇರೆ ಕಡೆ ಹೋದರು.

ಗುಟ್ಕಾ ಉಗುಳುವವರಿಗೆ ಕಟ್ಟೆಯ ಎರಡೂ ತುದಿಯಲ್ಲಿ ಮರಳು ಹಾಕಿದ ಡಬ್ಬ, ಕಸಕ್ಕೆ ಒಂದು ಬಕೆಟ್. ದಿನಾ ಸಂಜೆ ಒಂದು ಕೊಡ ನೀರು ಹೊಯ್ದು ತೊಳೆಯಿರಿ. ತೊಳೆದ ಜಾಗದಲ್ಲಿ ಉಗುಳಲು ಜನ ಹಿಂಜರಿಯುತ್ತಾರೆ. ಅಂಗಡಿ ತೆಗೆಯುವ ಹೊತ್ತಿಗೆ ದಾರಿಗೆ ಅಡ್ಡ ಆಗುತ್ತದೆ ಅಂದರೆ ಶಟರ್ ಎದುರಿನ ನಾಲ್ಕು ಅಡಿ ಬಿಟ್ಟು ಕೂರಿ ಅಂತ ಪೇಂಟಿನಲ್ಲಿ ಗೆರೆ ಹಾಕಿ, "ದಯವಿಟ್ಟು ಇಲ್ಲಿ ದಾರಿ ಬಿಡಿ" ಅಂತ ಬರೆಸಿ. ಕೂರಬೇಡಿ ಅಂತ ಬರೆಸಬೇಡಿ.

ರಾತ್ರಿ ಮಲಗುವವರ ಜೊತೆ ಹೆಸರು ಹಿಡಿದು ಮಾತಾಡಿ. ನಾವು ಮಾತಾಡಿಕೊಂಡದ್ದು ಇಷ್ಟೇ: ರಾತ್ರಿ ಒಂಬತ್ತಕ್ಕೆ ಶಟರ್ ಇಳಿದ ಮೇಲೆ, ಬೆಳಿಗ್ಗೆ ಆರರ ತನಕ. ಅವರು ಆ ಮಾತು ಒಂದು ದಿನವೂ ತಪ್ಪಿಲ್ಲ. ಮಳೆಗಾಲಕ್ಕೆ, ಚಳಿಗೆ ಬೇರೆ ಆಸರೆ ಬೇಕು ಅಂದರೆ ನಗರಸಭೆಯಲ್ಲಿ ವಸತಿರಹಿತರ ಆಶ್ರಯ ಕೇಂದ್ರ ಎಲ್ಲಿದೆ ಅಂತ ಕೇಳಿ. 2024ರ ತನಕ ನಡೆದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿಯಲ್ಲಿ ಪ್ರತಿ 1 ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಮಂದಿಗೆ ಸಾಕಾಗುವ ಕಾಯಂ ಆಶ್ರಯ ಇರಬೇಕು ಅಂತ ಇತ್ತು. 2011ರ ಜನಗಣತಿಯಲ್ಲೇ ಕೋಲಾರ ನಗರದ ಜನಸಂಖ್ಯೆ 1.38 ಲಕ್ಷ. ಹಾಗಾಗಿ ಕೇಳಲು ಹಿಂಜರಿಯಬೇಡಿ.

ಬೇರೆಯವರ ಕಂಬಿ, ಫುಟ್‌ಪಾತಿನ ಕಂಬಿ

ಅಂಗಡಿಯವರದ್ದಾದರೆ ಮೊದಲು ಅವರನ್ನೇ ಮಾತಾಡಿಸಿ, ಗಿರಾಕಿ ಇಲ್ಲದ ಹೊತ್ತಿಗೆ ಹೋಗಿ. "ಅಣ್ಣಾ, ನಿಮ್ಮ ಮೇಲೆ ದೂರು ಹೇಳೋಕೆ ಬಂದಿಲ್ಲ, ನಮ್ದೂ ಹಿಂಗೇ ಇತ್ತು, ತೆಗೆಸಿದ್ವಿ, ಏನೂ ತೊಂದರೆ ಆಗ್ಲಿಲ್ಲ" ಅಂತ ಶುರು ಮಾಡಿದರೆ ಕೇಳುತ್ತಾರೆ. ಮಗು ಎಡವಿ ಬಿದ್ದರೆ ಏನು ಗತಿ ಅನ್ನುವ ಮಾತು ಎಲ್ಲರಿಗೂ ತಟ್ಟುತ್ತದೆ. ನನ್ನ ಮಾತಿಗೆ ಇಬ್ಬರು ತೆಗೆಸಿದರು, ಒಬ್ಬರು ಆಗಲ್ಲ ಅಂದರು.

ಕಂಬಿ ಇರುವುದು ಫುಟ್‌ಪಾತಿನಲ್ಲಿ ಆದರೆ ಅದು ಅಂಗಡಿಯವರ ಜಾಗ ಅಲ್ಲ. ಹಗಲು ಬೆಳಕಿನಲ್ಲಿ ಫೋಟೋ ತೆಗೆಯಿರಿ, ಒಂದು ಹತ್ತಿರದಿಂದ, ಒಂದು ದೂರದಿಂದ ಸುತ್ತಲಿನ ಗುರುತು ಕಾಣುವ ಹಾಗೆ. ಪೌರಾಯುಕ್ತರಿಗೆ ಅರ್ಧ ಪುಟದ ಅರ್ಜಿ ಬರೆಯಿರಿ, ಎರಡು ಪ್ರತಿ. ಒಂದು ಕೊಟ್ಟು ಇನ್ನೊಂದಕ್ಕೆ ಸೀಲ್ ಹಾಕಿಸಿಕೊಳ್ಳಿ. ಸೀಲ್ ಇಲ್ಲದ ಅರ್ಜಿ ಕೊಟ್ಟೂ ಕೊಡದ ಹಾಗೆ. ನಗರಸಭೆಗಳಿಗೆ ದೂರು ಕೊಡುವ ಜನಹಿತ ಆ್ಯಪ್‌ನಲ್ಲೂ ಹಾಕಬಹುದು. ಒಂದು ತಿಂಗಳು ಕಾದು, ಏನೂ ಆಗದಿದ್ದರೆ ಅರ್ಜಿಯ ಮೇಲೆ ಏನು ಕ್ರಮ ತೊಗೊಂಡಿರಿ ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿ. 2005ರ ಆ ಕಾಯ್ದೆಯ ಪ್ರಕಾರ 30 ದಿನದಲ್ಲಿ ಉತ್ತರ ಕೊಡಬೇಕು. ಬಸ್ ನಿಲ್ದಾಣದ ಒಳಗಿನದ್ದಾದರೆ ಅರ್ಜಿ ಕೆಎಸ್‌ಆರ್‌ಟಿಸಿಯ ವಿಭಾಗೀಯ ನಿಯಂತ್ರಣಾಧಿಕಾರಿಗೆ ಹೋಗಬೇಕು.

ನೀವೇ ರಾತ್ರಿ ಹೋಗಿ ಕಿತ್ತು ಹಾಕಬೇಡಿ. ಮೊಂಡು ಬಿಟ್ಟ ಕಂಬಿ ಮೊದಲಿಗಿಂತ ಅಪಾಯ.

ಕಂಬಿ ತೆಗೆಸುವುದು

ನಿಮ್ಮದೇ ಕಟ್ಟೆ ಆದರೆ ಒಂದು ಬೆಳಗಿನ ಕೆಲಸ. ಕಂಬಿಯನ್ನು ಸುತ್ತಿಗೆಯಲ್ಲಿ ಹೊಡೆದು ಅಲ್ಲಾಡಿಸಬೇಡಿ, ಚಪ್ಪಡಿ ಸೀಳುತ್ತದೆ. ಗ್ರೈಂಡರ್‌ನಲ್ಲಿ ಬುಡಕ್ಕೆ ಕುಯ್ಸಿ, ಕಲ್ಲಿನ ಮಟ್ಟಕ್ಕಿಂತ ಸ್ವಲ್ಪ ಒಳಗೆ ಹೋಗುವ ತನಕ ಉಜ್ಜಿಸಿ. ಕಬ್ಬಿಣ ಮೇಲೆ ಉಳಿದರೆ ತುಕ್ಕು ಹಿಡಿದು ಕಲ್ಲಿಗೆ ಕಲೆ ಇಳಿಯುತ್ತದೆ. ಕಿಡಿ ಹಾರುತ್ತದೆ, ಪಕ್ಕದಲ್ಲಿ ಗೋಣಿ, ರಟ್ಟು, ಪೆಟ್ರೋಲ್ ಇರುವ ಗಾಡಿ ಇರಬಾರದು. ಕುಯ್ಯುವವರ ಕಣ್ಣಿಗೆ ಕನ್ನಡಕ ಇರಲಿ.

ಕಟ್ಟೆಯನ್ನೇ ಹೊಸದಾಗಿ ಮಾಡಿಸುವುದಾದರೆ ಎತ್ತರ ಒಂದೂವರೆ ಅಡಿ, ಅಗಲ ಕೂಡ ಅಷ್ಟು ಇದ್ದರೆ ಕೂರಲು ಸಲೀಸು. ಪಾಲಿಶ್ ಗ್ರಾನೈಟ್ ಬೇಡ, ಮಳೆಯಲ್ಲಿ ಜಾರುತ್ತದೆ. ಸ್ವಲ್ಪ ಒರಟು ಬಿಟ್ಟ ಬೂದು ಕಲ್ಲು ಒಳ್ಳೆಯದು. ಮುಂದಕ್ಕೆ ಕಾಲು ಇಂಚು ಇಳಿಜಾರು ಇದ್ದರೆ ನೀರು ನಿಲ್ಲುವುದಿಲ್ಲ. ಅಂಚನ್ನು ಗುಂಡಗೆ ಉಜ್ಜಿಸಿ, ತೊಡೆಗೆ ಒತ್ತಬಾರದು. ಮಂಡಿ ನೋವು ಇರುವವರಿಗೆ ಎದ್ದೇಳಲು ಹಿಡಿ ಬೇಕು, ಅದನ್ನು ತುದಿಯಲ್ಲಿ ಹಾಕಿಸಿ. ಬೆಂಚಿನ ನಡುನಡುವೆ ಕೈ ಊರುವ ಹಿಡಿ ಹಾಕುವುದು ಮಲಗುವವರನ್ನು ಓಡಿಸುವ ಹಳೆಯ ಉಪಾಯ, ಅದು ನಮಗೆ ಬೇಡ.

ಹಳೆಯ ಕಟ್ಟೆಯಲ್ಲಿ ಕಂಬಿ ಕುಯ್ದ ಜಾಗದ ತಗ್ಗುಗಳಿಗೆ ಸಿಮೆಂಟಿನ ಜೊತೆ ಕಲ್ಲು ಕುಯ್ದ ಪುಡಿಯನ್ನೇ ಬೆರೆಸಿ ತುಂಬಿಸಿ, ಬಣ್ಣ ಹೊಂದುತ್ತದೆ. ಮೇಲೆ ಒದ್ದೆ ಗೋಣಿಚೀಲ ಹಾಸಿ ಎರಡು ಮೂರು ದಿನ ನೀರು ಹಾಕಿ. ನಾವು ಪಕ್ಕದ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ "ಸಿಮೆಂಟ್ ಹಸಿ ಇದೆ, ಗುರುವಾರದಿಂದ ಕೂರಬಹುದು" ಅಂತ ಬರೆದಿದ್ದೆವು. ಅಜ್ಜಿಗೆ ಓದು ಬರುವುದಿಲ್ಲ. ಅವರು ಬಂದಾಗ ಬುಟ್ಟಿ ಇಳಿಸಿಕೊಳ್ಳಲು ಅಂಗಡಿ ಹುಡುಗ ಬಾಗಿಲಲ್ಲೇ ನಿಂತಿದ್ದ. ಗುರುವಾರ ಅವರು ಗೋಣಿಚೀಲ ಪಕ್ಕಕ್ಕೆ ಸರಿಸಿ, ಅಂಗೈಯಲ್ಲಿ ಕಲ್ಲನ್ನು ಉದ್ದಕ್ಕೂ ಸವರಿ ನೋಡಿ, ಕೂತರು.